ವಿರುದ್ಧ ಕ್ರಿಯಾಪದಗಳು: ಪಟ್ಟಿಯೋ, ಪ್ರಯೋಗವೋ?

ಪ್ರಾಥಮಿಕ ತರಗತಿಗಳ ಇಂಗ್ಲಿಷ್ ಬೋಧನೆಯಲ್ಲಿ ವಿರುದ್ಧ ಕ್ರಿಯಾಪದಗಳ ಪಾಠಕ್ಕೆ ಒಂದು ನಿಶ್ಚಿತ ಕ್ರಮವುಂಟು. ಕರಿಹಲಗೆಯ ಎಡಕ್ಕೆ ‘ಗಿವ್’, ಬಲಕ್ಕೆ ‘ಟೇಕ್’; ಅದರ ಕೆಳಗೆ ‘ಕಮ್’ ಮತ್ತು ‘ಗೋ’, ‘ಓಪನ್’ ಮತ್ತು ‘ಷಟ್’. ಮಕ್ಕಳು ಒಕ್ಕೊರಲಿನಿಂದ ಹೇಳುತ್ತಾರೆ, ಮನೆಯಲ್ಲಿ ಹತ್ತು ಸಲ ಬರೆಯುತ್ತಾರೆ, ಪರೀಕ್ಷೆಯಲ್ಲಿ ಪೂರ್ಣ ಅಂಕಗಳನ್ನೂ ಪಡೆಯುತ್ತಾರೆ. ಆದರೆ ‘ಬಾಗಿಲು ಹಾಕು’ ಎಂದು ಗೆಳೆಯನಿಗೆ ಇಂಗ್ಲಿಷಿನಲ್ಲಿ ಹೇಳಬೇಕಾದಾಗ ಅದೇ ಮಗು ‘ಪುಟ್ ದಿ ಡೋರ್’ ಎನ್ನುತ್ತದೆ. ಪಟ್ಟಿ ಕಂಠಪಾಠವಾಗಿದೆ, ಭಾಷೆ ಕೈವಶವಾಗಿಲ್ಲ.

ಈ ತಪ್ಪಿಗೆ ಮಗುವಿನ ಮಂದಬುದ್ಧಿಯನ್ನು ಕಾರಣವೆನ್ನುವುದು ಅನ್ಯಾಯ. ಕನ್ನಡದಲ್ಲಿ ‘ಹಾಕು’, ‘ತೆಗೆ’ ಎಂಬ ಎರಡೇ ಕ್ರಿಯಾಪದಗಳು ದಿನನಿತ್ಯದ ಎಷ್ಟೋ ಕೆಲಸಗಳನ್ನು ನಿರ್ವಹಿಸುತ್ತವೆ. ಬಾಗಿಲು ಹಾಕುವುದು, ತೆಗೆಯುವುದು. ಅಂಗಿ ಹಾಕುವುದು, ತೆಗೆಯುವುದು. ಬೀಗ ಹಾಕುವುದು, ತೆಗೆಯುವುದು. ಇಂಗ್ಲಿಷಾದರೋ ಬಾಗಿಲಿಗೆ ‘ಷಟ್–ಓಪನ್’, ಅಂಗಿಗೆ ‘ಪುಟ್ ಆನ್–ಟೇಕ್ ಆಫ್’, ಬೀಗಕ್ಕೆ ‘ಲಾಕ್–ಅನ್‌ಲಾಕ್’ ಎಂದು ಬೇರೆ ಬೇರೆ ಜೋಡಿಗಳನ್ನು ಬಯಸುತ್ತದೆ. ಮಗು ತನ್ನ ನುಡಿಯ ತರ್ಕವನ್ನು ಅನುಸರಿಸಿಯೇ ಎಡವಿದೆ. ಆ ತರ್ಕವನ್ನು ಅರಿತ ಉಪಾಧ್ಯಾಯರು ಮಾತ್ರವೇ ಅದನ್ನು ತಿದ್ದಬಲ್ಲರು.

ಪಟ್ಟಿಯ ಇನ್ನೊಂದು ದೋಷವೆಂದರೆ ಎಲ್ಲ ವಿರೋಧಗಳನ್ನೂ ಒಂದೇ ಬಗೆಯವೆಂದು ಅದು ತೋರಿಸುವುದು. ‘ಟೈ–ಅನ್‌ಟೈ’ ಎಂಬಲ್ಲಿ ಮಾಡಿದ ಕೆಲಸವನ್ನೇ ಹಿಂದಿರುಗಿಸಲಾಗುತ್ತದೆ. ‘ಬೈ–ಸೆಲ್’ ಎಂಬಲ್ಲಿ ನಡೆಯುವ ಕೆಲಸ ಒಂದೇ. ಕೊಳ್ಳುವವನು ಒಂದು ಕಡೆಯಿಂದ, ಮಾರುವವನು ಇನ್ನೊಂದು ಕಡೆಯಿಂದ ಅದನ್ನು ನೋಡುತ್ತಾನೆ. ನೆರೆಮನೆಯ ಸಕ್ಕರೆಯ ವಿಷಯದಲ್ಲಿ ಕನ್ನಡಕ್ಕೆ ‘ಕಡ’ ಎಂಬ ಒಂದು ಮಾತು ಸಾಕು: ಕಡ ಕೊಡುವುದು, ಕಡ ತರುವುದು. ಇಂಗ್ಲಿಷಿಗೆ ‘ಲೆಂಡ್’, ‘ಬಾರೋ’ ಎಂಬ ಎರಡು ಪದಗಳು ಬೇಕು. ‘ಕಮ್–ಗೋ’ ಎಂಬುದು ಮಾತನಾಡುವವನು ಎಲ್ಲಿದ್ದಾನೆಂಬುದನ್ನು ಅವಲಂಬಿಸಿದೆ. ಹೊರಡುವಾಗ ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುವುದು ಕನ್ನಡಿಗರ ಸೌಜನ್ಯ. ಅದನ್ನು ಹಾಗೆಯೇ ಇಂಗ್ಲಿಷಿಗೆ ತಂದ ಮಗು ಶಾಲೆ ಬಿಟ್ಟೊಡನೆ ‘ಐ ವಿಲ್ ಕಮ್’ ಎಂದರೆ ನಗಬಾರದು, ವಿವರಿಸಬೇಕು.

ಇವೆಲ್ಲವನ್ನೂ ಕಲಿಸುವುದಕ್ಕೆ ಕಲಾಸಿಪಾಳ್ಯದಷ್ಟು ಅನುಕೂಲವಾದ ಸ್ಥಳ ದುರ್ಲಭ. ಲಾರಿಗಳ ಬಳಿ ದಿನವಿಡೀ ‘ಲೋಡು’, ‘ಅನ್‌ಲೋಡು’ ಎಂಬ ಮಾತುಗಳು ಕೇಳಿಬರುತ್ತವೆ. ಕನ್ನಡದ ಕ್ರಿಯಾಪದಗಳಲ್ಲಿಲ್ಲದ ಆ ‘ಅನ್’ ಎಂಬ ಉಪಸರ್ಗ ಹಮಾಲಿಯ ಮಗನಿಗೆ ಶಾಲೆಗೆ ಬರುವ ಮೊದಲೇ ಪರಿಚಿತ. ‘ಪ್ಯಾಕ್–ಅನ್‌ಪ್ಯಾಕ್’, ‘ಲಾಕ್–ಅನ್‌ಲಾಕ್’ಗಳಿಗೆ ಅಲ್ಲಿಂದಲೇ ದಾರಿ ತೆರೆಯಬಹುದು, ಆದರೆ ‘ಅನ್‌ಓಪನ್’ ಎಂಬ ಪದವಿಲ್ಲವೆಂದು ಎಚ್ಚರಿಸಲೂ ಬೇಕು. ಬಸ್ ನಿಲ್ದಾಣದಲ್ಲಿ ಹತ್ತುವವರು, ಇಳಿಯುವವರು ಕಣ್ಣೆದುರಿಗೇ ಇದ್ದಾರೆ. ಸಮೀಪದಲ್ಲೇ ಕೃಷ್ಣರಾಜೇಂದ್ರ ಮಾರುಕಟ್ಟೆಯಿದೆ. ಅಲ್ಲಿ ತಾಯಿಯ ಪಕ್ಕದಲ್ಲಿ ಕುಳಿತು ಹೂವಿಗೆ ಬೆಲೆ ಹೇಳುವ ಹುಡುಗಿಗೆ ‘ಬೈ’, ‘ಸೆಲ್’ಗಳ ಅರ್ಥವನ್ನು ಯಾರೂ ಕಲಿಸಬೇಕಾಗಿಲ್ಲ; ಪದಗಳನ್ನಷ್ಟೇ ಕೊಡಬೇಕಾಗಿದೆ.

ಈ ವಿಚಾರ ಹೊಸದೇನೂ ಅಲ್ಲ. ಹೆರಾಲ್ಡ್ ಪಾಮರ್ ಅವರು 1925ರಲ್ಲಿಯೇ ಟೋಕಿಯೋದಲ್ಲಿ ಕ್ರಿಯೆಗಳ ಮೂಲಕ ಇಂಗ್ಲಿಷ್ ಕಲಿಸುವ ಪುಸ್ತಕವನ್ನು ಹೊರತಂದರು. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗವು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಜಗತ್ತಿನ ಭಾಷಾಬೋಧಕರಿಗೆ ಪರಿಚಿತವಾಗಿದೆ. ವೇಳಾಪಟ್ಟಿ, ನಕ್ಷೆಗಳಂಥವನ್ನು ಕೊಟ್ಟು, ಮಕ್ಕಳು ಯೋಚಿಸಿ ಉತ್ತರ ಹುಡುಕುವಂತೆ ಮಾಡುವುದು ಅದರ ಕ್ರಮ. ಮನಸ್ಸು ಅರ್ಥದಲ್ಲಿ ತೊಡಗಿರುವಾಗಲೇ ಭಾಷೆಯ ರೂಪ ಚೆನ್ನಾಗಿ ನೆಲೆಗೊಳ್ಳುತ್ತದೆಂಬುದು ಅವರ ನಿಲುವು. ಬೆಂಗಳೂರಿನ ಹೆಸರಿನಿಂದ ಪ್ರಸಿದ್ಧವಾದ ಈ ತತ್ತ್ವ ಬೆಂಗಳೂರಿನ ತರಗತಿಗಳಲ್ಲೇ ಅಪರಿಚಿತವಾಗಿ ಉಳಿಯುವುದು ಉಚಿತವಲ್ಲ.

ತರಗತಿ ದೊಡ್ಡದು, ಅವಧಿ ಚಿಕ್ಕದು, ಮಕ್ಕಳು ಎದ್ದು ಓಡಾಡಿದರೆ ಗದ್ದಲ ಎಂದು ಉಪಾಧ್ಯಾಯರು ಆಕ್ಷೇಪಿಸಬಹುದು. ಈ ಆಕ್ಷೇಪದಲ್ಲಿ ನಿಜಾಂಶವಿದೆ. ಆದರೆ ಎಲ್ಲರೂ ಏಳಬೇಕಾಗಿಲ್ಲ. ಇಬ್ಬರು ಮುಂದೆ ಬಂದು ಒಬ್ಬನು ಗಂಟು ಕಟ್ಟಲಿ, ಇನ್ನೊಬ್ಬನು ಬಿಚ್ಚಲಿ. ಉಳಿದವರು ಕಂಡುದನ್ನು ಇಂಗ್ಲಿಷಿನಲ್ಲಿ ಹೇಳಲಿ. ವಾರದ ಕೊನೆಗೆ ಪಟ್ಟಿ ಬರೆಸಲು ಅಡ್ಡಿಯಿಲ್ಲ. ಪಟ್ಟಿಯು ಕಲಿಕೆಯ ಲೆಕ್ಕಪತ್ರವಾಗಬಹುದು, ಅದೇ ಬಂಡವಾಳವಾಗಲಾರದು. ಪರೀಕ್ಷೆಯಲ್ಲಿಯೂ ‘ಬಾರೋ’ ಪದದ ವಿರುದ್ಧ ಪದವೇನೆಂದು ಕೇಳುವ ಬದಲು, ಗೆಳೆಯನಿಂದ ಪೆನ್ಸಿಲನ್ನು ಹೇಗೆ ಕೇಳುವೆ ಎಂದು ಪ್ರಶ್ನಿಸಬೇಕು.

ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ 2007ರಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿತು. ಮನೆಯಲ್ಲಿ ಇಂಗ್ಲಿಷ್ ಕೇಳದ ಮಗುವಿಗೆ ಶಾಲೆಯೊಂದೇ ಆಸರೆ. ಬಾಯಿಪಾಠ ಒಪ್ಪಿಸಿಯೂ ಮಾತು ಬಾರದ ಆ ಮಗು, ಇಂಗ್ಲಿಷ್ ತನಗೆ ಒಲಿಯದೆಂದು ನಾಲ್ಕನೆಯ ತರಗತಿಯಲ್ಲೇ ಕೈಚೆಲ್ಲಿದರೆ ಆ ನಷ್ಟವನ್ನು ಮುಂದೆ ಯಾವ ವಿದ್ಯಾರ್ಥಿವೇತನವೂ ತುಂಬಲಾರದು. ಇದಕ್ಕೆ ಬೇಕಾದ ಉಪಕರಣಗಳಾದರೂ ಎಷ್ಟು? ಒಂದು ಪೆಟ್ಟಿಗೆ, ಒಂದು ಬೀಗ, ಒಂದು ಮೊಳ ಹಗ್ಗ, ಒಂದು ಚೀಲ. ಕಟ್ಟಡಗಳಿಗೆ ಉದಾರವಾಗಿ ನೆರವಾಗುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಪ್ರತಿ ತರಗತಿಗೂ ಇಂಥದೊಂದು ಪೆಟ್ಟಿಗೆಯನ್ನು ಒದಗಿಸಲಿ. ಅದನ್ನು ತೆರೆದು ಮುಚ್ಚುತ್ತ ಮಾತು ಕಲಿಸುವ ಉತ್ಸಾಹವನ್ನು ಉಪಾಧ್ಯಾಯರು ತೋರಲಿ.