ಗ್ಲಿಸರಿನ್ನಿನ ಜಾತಕ

ಮಳೆಗಾಲದ ಸಂಚಿಕೆ ಎಂದ ಮೇಲೆ ಕೆಮ್ಮು ನೆಗಡಿಗಳ ಮಾತು ಬಾರದಿರದು. ಮುಂಬಯಿಯ ಚಾಳಿನಲ್ಲಾಗಲಿ, ಚೆನ್ನೈಯ ಮೂರನೆಯ ಮಹಡಿಯ ಮನೆಯಲ್ಲಾಗಲಿ, ಮಗು ಎರಡು ರಾತ್ರಿ ಕೆಮ್ಮಿತೆಂದರೆ ಊರಿನಲ್ಲಿರುವ ಅಜ್ಜಿಗೆ ಫೋನು ಹೋಗುತ್ತದೆ. ಅಜ್ಜಿ ಶುಂಠಿ, ಮೆಣಸು, ದೊಡ್ಡಪತ್ರೆ ಎನ್ನುತ್ತಾರೆ. ಆದರೆ ಈ ಪಟ್ಟಣಗಳಲ್ಲಿ ದೊಡ್ಡಪತ್ರೆ ಹುಡುಕುವುದಕ್ಕಿಂತ ಬೀದಿಯ ಮೂಲೆಯ ಔಷಧದಂಗಡಿ ಹತ್ತಿರ. ಸಂಜೆ ಆಫೀಸಿನಿಂದ ಬರುವಾಗ ತಂದೆ ಒಂದು ಸೀಸೆ ಸಿರಪ್ಪು ತರುತ್ತಾರೆ. ಈ ಸಲ ನಾವು ಬರೆಯಹೊರಟಿರುವುದು ಆ ಸೀಸೆಯೊಳಗಿನ ಸಿಹಿಯಾದ, ಮಂದವಾದ ದ್ರವದ ವಿಷಯವನ್ನು.

ನಾವು ಬಿ.ಎ. ಪದವಿಯವರು, ಕಡತ ಕಟ್ಟುವ ಉದ್ಯೋಗದವರು. ಅನ್ವಯಿಕ ರಸಾಯನಶಾಸ್ತ್ರವೆಂಬ ದೊಡ್ಡ ಹೆಸರನ್ನು ಕೇಳಿದರೆ ಕೈಮುಗಿದು ದೂರ ನಿಲ್ಲುವ ಪೈಕಿ. ಆದರೂ ಮನೆಯಲ್ಲಿ ಮಕ್ಕಳಿರುವವರಿಗೆ ಇದು ದೂರದ ವಿಷಯವಲ್ಲ. 2025ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯ ಸುತ್ತಮುತ್ತ ಇಪ್ಪತ್ತಕ್ಕೂ ಹೆಚ್ಚು ಎಳೆಯ ಮಕ್ಕಳು ತೀರಿಕೊಂಡರು. ಅವರಿಗೆ ಬಂದದ್ದು ಸಾಮಾನ್ಯ ಜ್ವರ, ಕೆಮ್ಮು. ಕುಡಿಸಿದ್ದು ಕಾಂಚೀಪುರ ಜಿಲ್ಲೆಯ ಕಾರ್ಖಾನೆಯೊಂದರ ಸಿರಪ್ಪು. ತಮಿಳುನಾಡು ಸರಕಾರದ ಪ್ರಯೋಗಶಾಲೆಯವರು ಪರೀಕ್ಷಿಸಿದಾಗ ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ನೂರಕ್ಕೆ 48.6ರಷ್ಟು ಸಿಕ್ಕಿತು. ಇರಬಹುದಾದ ಮಿತಿ ನೂರಕ್ಕೆ 0.1. ಮಿತಿ ಮೀರಿತು ಎನ್ನುವ ಮಾತು ಇಲ್ಲಿ ಸಾಲದು; ಸೀಸೆಯ ಹತ್ತಿರ ಹತ್ತಿರ ಅರ್ಧ ಪಾಲು ವಿಷವೇ ಆಗಿತ್ತು.

ಇಂಥ ವಿಷ ಮಕ್ಕಳ ಔಷಧದೊಳಕ್ಕೆ ಹೇಗೆ ಬಂದೀತು ಎಂದು ಯಾರಾದರೂ ಕೇಳುವುದು ಸಹಜ. ಕಹಿಯಾದ ಔಷಧವನ್ನು ಕರಗಿಸಿ, ಮಗುವಿನ ಗಂಟಲಲ್ಲಿ ಇಳಿಯುವಂತೆ ಮಾಡಲು ಒಂದು ದ್ರವ ಬೇಕು. ಅದಕ್ಕಾಗಿ ಬಳಸುವುದು ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್. ಇವೆರಡೂ ಶುದ್ಧವಾಗಿದ್ದರೆ ಔಷಧಕ್ಕೆ ಯೋಗ್ಯ. ಡೈಎಥಿಲೀನ್ ಗ್ಲೈಕಾಲ್ ಇವುಗಳ ದಾಯಾದಿ. ನೋಡಲು ಅದೇ ತಿಳಿ, ಮುಟ್ಟಿದರೆ ಅದೇ ಜಿಗುಟು, ರುಚಿಯೂ ಸಿಹಿ. ಆದರೆ ಅದರ ಕೆಲಸ ಕಾರ್ಖಾನೆಗಳಲ್ಲಿ, ಬಣ್ಣ ಪ್ಲಾಸ್ಟಿಕ್ಕುಗಳ ತಯಾರಿಕೆಯಲ್ಲಿ. ಬೆಲೆಯಲ್ಲಿ ಅಗ್ಗ. ಹೊಟ್ಟೆಗೆ ಹೋದರೆ ಮೊದಲು ವಾಂತಿ, ಹೊಟ್ಟೆನೋವು. ಆಮೇಲೆ ಮೂತ್ರಪಿಂಡ ಕೆಟ್ಟು ಮೂತ್ರವೇ ನಿಂತುಹೋಗುತ್ತದೆ. ಔಷಧದ ಹೆಸರಿನ ಡ್ರಮ್ಮಿನಲ್ಲಿ ಕಾರ್ಖಾನೆಯ ಮಾಲು ಬಂದು ಸೇರಿದರೆ, ಯಾರೂ ಪರೀಕ್ಷಿಸದೆ ಸುರಿದರೆ, ಅಲ್ಲಿಗೆ ಮುಗಿಯಿತು.

ಇದು ಹೊಸ ಸಂಗತಿಯಾಗಿದ್ದರೆ ಕ್ಷಮಿಸಬಹುದಾಗಿತ್ತು. 1937ರಲ್ಲಿ ಅಮೆರಿಕದ ಕಂಪನಿಯೊಂದು ಸಲ್ಫನಿಲಮೈಡ್ ಎಂಬ ಒಳ್ಳೆಯ ಔಷಧವನ್ನು ಇದೇ ದ್ರವದಲ್ಲಿ ಕರಗಿಸಿ, ರಾಸ್ಪ್‌ಬೆರಿ ಪರಿಮಳ ಬೆರೆಸಿ ಮಾರಿತು. ರುಚಿ ನೋಡಿದರು, ವಾಸನೆ ನೋಡಿದರು. ಜೀವಕ್ಕೆ ಹಾನಿಯೋ ಎಂದು ಮಾತ್ರ ನೋಡಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮಂಥ ಕಡತದವರು ಗಮನಿಸಬೇಕಾದ ಒಂದು ವಿಚಿತ್ರ ಇಲ್ಲಿದೆ: ವಿಷ ಮಾರಿದ್ದಕ್ಕಾಗಿ ಅವರನ್ನು ಹಿಡಿಯಲು ಅಂದಿನ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಸೀಸೆಯ ಮೇಲೆ ‘ಎಲಿಕ್ಸಿರ್’ ಎಂದು ಬರೆದಿದ್ದರು; ಆ ಹೆಸರಿಗೆ ಒಳಗೆ ಮದ್ಯಸಾರ ಇರಬೇಕು; ಇಲ್ಲದ್ದರಿಂದ ತಪ್ಪು ಹೆಸರಿನ ಅಪರಾಧವೆಂದು ಸರಕಾರ ಸೀಸೆಗಳನ್ನು ವಶಪಡಿಸಿಕೊಂಡಿತು. ಮಾರನೆಯ ವರ್ಷ, 1938ರಲ್ಲಿ, ಮಾರುವ ಮೊದಲು ಔಷಧದ ಸುರಕ್ಷಿತತೆಯನ್ನು ತೋರಿಸಬೇಕೆಂಬ ಕಾನೂನು ಆ ದೇಶದಲ್ಲಿ ಬಂತು.

ನಮ್ಮಲ್ಲಿ ಕಾನೂನು 1940ರಲ್ಲೇ ಆಯಿತು, ನಿಯಮಗಳು 1945ರಲ್ಲಿ ಆದವು. ಅಷ್ಟಾದರೂ 1970ರ ದಶಕದ ಆರಂಭದಲ್ಲಿ ಮದರಾಸಿನಲ್ಲಿ ಮಕ್ಕಳು ಸತ್ತರು. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಔಷಧವೆಂದು ಕೊಟ್ಟ ಗ್ಲಿಸರಿನ್ನಿನಿಂದ 14 ರೋಗಿಗಳು ಸತ್ತರು. ಹಳೆಯ ಮುಂಬಯಿ ಕನ್ನಡಿಗರಿಗೆ ನ್ಯಾಯಮೂರ್ತಿ ಲೆಂಟಿನ್ ಆಯೋಗದ ಹೆಸರು ಇನ್ನೂ ನೆನಪಿದ್ದೀತು. ಆ ವಿಚಾರಣೆ ನಡೆದದ್ದು ಇದರ ಮೇಲೆಯೇ. 1998ರಲ್ಲಿ ದೆಹಲಿಯ ಬಳಿಯ ಗುಡಗಾಂವ್‌ನಲ್ಲಿ 33 ಮಕ್ಕಳು. 2019-20ರ ಚಳಿಗಾಲದಲ್ಲಿ ಜಮ್ಮುವಿನ ರಾಮನಗರದಲ್ಲಿ ಮತ್ತೆ ಮಕ್ಕಳು. 2022ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಸತ್ತಾಗ, ಭಾರತದಲ್ಲಿ ತಯಾರಾದ ನಾಲ್ಕು ಸಿರಪ್ಪುಗಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಅನಂತರ 2023ರ ಜೂನ್ 1ರಿಂದ, ಹೊರದೇಶಕ್ಕೆ ಹೋಗುವ ಕೆಮ್ಮಿನ ಸಿರಪ್ಪನ್ನು ಹಡಗು ಹತ್ತಿಸುವ ಮೊದಲು ಸರಕಾರ ಒಪ್ಪಿದ ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವುದು ಕಡ್ಡಾಯವಾಯಿತು. ಊರೊಳಗಿನ ಮಕ್ಕಳ ಸೀಸೆಗೆ ಆಗ ಅಂಥ ಕಟ್ಟು ಹಾಕಲಿಲ್ಲ. ತಯಾರಕರು ತಾವೇ ಪರೀಕ್ಷಿಸಿಕೊಳ್ಳಬೇಕೆಂಬ ಹಳೆಯ ನಿಯಮವನ್ನೇ ನೆಚ್ಚಿದ್ದಾಯಿತು. ಹೊರಗಿನವರಿಗೆ ಒಂದು ಪಂಕ್ತಿ, ಮನೆಯವರಿಗೆ ಇನ್ನೊಂದು ಪಂಕ್ತಿ ಎಂಬ ಈ ಏರ್ಪಾಡು ನಮಗಂತೂ ಸರಿಯೆನಿಸಲಿಲ್ಲ.

ಇನ್ನು ಈ ವಿಷವನ್ನು ಹಿಡಿಯುವ ಬಗೆ. ಇದನ್ನು ಮಕ್ಕಳೊಡನೆ ಕುಳಿತು ಓದಿದರೆ ಒಳ್ಳೆಯದು. ಒಂದು ಬಿಳಿಯ ಸೀಮೆಸುಣ್ಣದ ಕಡ್ಡಿ ತನ್ನಿ. ಕೆಳತುದಿಯಿಂದ ಒಂದು ಬೆರಳಷ್ಟು ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಸುತ್ತ ಒಂದು ಗೆರೆ ಎಳೆಯಿರಿ. ಬಟ್ಟಲಲ್ಲಿ ಗೆರೆಗೆ ತಾಗದಷ್ಟು ನೀರು ಹಾಕಿ ಕಡ್ಡಿಯನ್ನು ನಿಲ್ಲಿಸಿ. ನೀರು ಮೇಲೇರುತ್ತ ಗೆರೆಯನ್ನು ಎಳೆದುಕೊಂಡು ಹೋಗುತ್ತದೆ. ಕಪ್ಪೆಂದು ನಾವು ತಿಳಿದದ್ದು ನೀಲಿ, ಕೆಂಪು, ಹಳದಿಯಾಗಿ ಬೇರೆ ಬೇರೆ ಎತ್ತರದಲ್ಲಿ ನಿಲ್ಲುತ್ತದೆ. ರಷ್ಯದ ಸಸ್ಯಶಾಸ್ತ್ರಜ್ಞ ತ್ಸ್ವೆಟ್ ಎಂಬಾತ 1903ರ ಸುಮಾರಿಗೆ ಹಸಿರೆಲೆಯ ಬಣ್ಣಗಳನ್ನು ಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಹೀಗೆಯೇ ಬೇರ್ಪಡಿಸಿದ. ಆ ವಿದ್ಯೆಗೆ ಕ್ರೊಮ್ಯಾಟೋಗ್ರಫಿ ಎಂದು ಹೆಸರು. ಬಣ್ಣದ ಬರೆಹ ಎಂದು ಅರ್ಥ. ಇದನ್ನು ಬೆಳೆಸಿದ ಮಾರ್ಟಿನ್ ಮತ್ತು ಸಿಂಜ್ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳಿಗೆ 1952ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಔಷಧ ಪ್ರಯೋಗಶಾಲೆಯಲ್ಲಿ ನಡೆಯುವುದೂ ಇದೇ. ಮೊದಲು ತೆಳುಲೇಪದ ತಗಡಿನ ಮೇಲೆ ಸಿರಪ್ಪಿನ ಒಂದು ಚುಕ್ಕೆಯಿಟ್ಟು, ಪಕ್ಕದಲ್ಲಿ ಗೊತ್ತಿರುವ ವಿಷದ ಒಂದು ಚುಕ್ಕೆಯಿಟ್ಟು ಏರಲು ಬಿಡುತ್ತಾರೆ. ಎರಡೂ ಒಂದೇ ಎತ್ತರಕ್ಕೆ ಬಂದರೆ ಸಂಶಯ ಹುಟ್ಟಿತು. ಆಮೇಲೆ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂಬ ಯಂತ್ರ. ಅದರೊಳಗೆ ಸುರುಳಿ ಸುತ್ತಿದ ಸಪೂರ ಕೊಳವೆ, ಬಿಚ್ಚಿ ಹಾಸಿದರೆ ಮೂವತ್ತು ಮೀಟರಿನಷ್ಟು ಉದ್ದ. ಸಿರಪ್ಪಿನ ಹನಿಯನ್ನು ಕಾಯಿಸಿ ಆವಿ ಮಾಡಿ ಅದರೊಳಗೆ ಓಡಿಸುತ್ತಾರೆ. ಊರಜಾತ್ರೆಯಲ್ಲಿ ರಥಬೀದಿಯ ಒಂದು ತುದಿಯಿಂದ ಎಲ್ಲರೂ ಒಟ್ಟಿಗೇ ಹೊರಟರೂ, ಬಳೆಯಂಗಡಿ, ಮಿಠಾಯಿಯಂಗಡಿಗಳಲ್ಲಿ ನಿಲ್ಲುತ್ತ ಹೋಗುವವರು ತಡವಾಗಿ ದೇವಸ್ಥಾನ ಮುಟ್ಟುತ್ತಾರೆ, ಕೈಬೀಸಿ ನಡೆಯುವವರು ಬೇಗ ಮುಟ್ಟುತ್ತಾರೆ. ಕೊಳವೆಯೊಳಗೂ ಹಾಗೆಯೇ. ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿಯಲ್ಲಿ ಕುದಿಯುವಂಥದ್ದು, ಡೈಎಥಿಲೀನ್ ಗ್ಲೈಕಾಲ್ 245ರಲ್ಲಿ, ಗ್ಲಿಸರಿನ್ 290ರಲ್ಲಿ. ಒಂದೊಂದೂ ತನ್ನ ತನ್ನ ಹೊತ್ತಿಗೆ ಹೊರಬರುತ್ತದೆ. ಬಾಗಿಲಲ್ಲಿ ಒಂದು ಸಣ್ಣ ಜ್ವಾಲೆ ಕಾದಿದ್ದು, ಬಂದದ್ದು ಎಷ್ಟೆಂದು ಕಾಗದದ ಮೇಲೆ ಗುಡ್ಡದಂತೆ ಗೆರೆ ಬರೆಸುತ್ತದೆ. ನಾಲಿಗೆ ಮೋಸಹೋಗುವ ಕಡೆ ಈ ಗುಡ್ಡ ಮೋಸಹೋಗುವುದಿಲ್ಲ. ಇದು ಕೆಲವು ಗಂಟೆಗಳ ಕೆಲಸವೆಂಬುದನ್ನು ನೆನೆದಾಗ ಹೊಟ್ಟೆ ಉರಿಯುತ್ತದೆ.

ಗ್ಲಿಸರಿನ್ನಿನ ಜಾತಕ ಹೇಳುತ್ತೇವೆಂದು ಹೊರಟು ಅದರ ತವರುಮನೆಯನ್ನು ಹೇಳದಿರಬಾರದು. ಅದು ಹುಟ್ಟುವುದು ಎಣ್ಣೆ ಕೊಬ್ಬುಗಳಲ್ಲಿ. ಸಾಬೂನು ಮಾಡುವಾಗ ಎಣ್ಣೆಯಿಂದ ಬಿಡುಗಡೆಯಾಗಿ ಉಳಿಯುವುದು ಇದೇ. ಈಗ ಇನ್ನೊಂದು ತವರು ಬಂದಿದೆ. ಅದು ಜೈವಿಕ ಡೀಸೆಲ್. ನೂರು ಕಿಲೋ ಎಣ್ಣೆಗೆ ಸುಮಾರು ಹತ್ತು ಹನ್ನೊಂದು ಕಿಲೋ ಮೆಥನಾಲ್ ಸೇರಿಸಿ, ಚೂರು ಕಾಸ್ಟಿಕ್ ಸೋಡ ಹಾಕಿ ಬಿಸಿಮಾಡಿ ಕಲಕಿದರೆ, ಮೇಲೆ ಹತ್ತಿರ ಹತ್ತಿರ ನೂರು ಕಿಲೋ ಡೀಸೆಲ್, ಕೆಳಗೆ ಹತ್ತು ಕಿಲೋ ಗ್ಲಿಸರಿನ್. ಈ ಕೆಳಗಿನದರಲ್ಲಿ ಮೆಥನಾಲ್, ಉಪ್ಪು, ಸಾಬೂನು ಎಲ್ಲ ಬೆರೆತಿರುತ್ತವೆ; ಚೆನ್ನಾಗಿ ಶುದ್ಧಿಮಾಡದೆ ಅದು ಔಷಧದ ಬಾಗಿಲು ತುಳಿಯುವಂತಿಲ್ಲ.

ನಮ್ಮ ಕರ್ನಾಟಕದಲ್ಲಿ ಇದಕ್ಕೆ ಹೊಂಗೆ ಇದೆ. ಹೊಲದ ಬದುವಿನ ಮೇಲೆ ನೆರಳು ಕೊಡುವ, ಬೀಜದ ಎಣ್ಣೆಯನ್ನು ದೀಪಕ್ಕೆ ಹಾಕುತ್ತಿದ್ದ ಅದೇ ಹೊಂಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹಳ್ಳಿಯ ವಿದ್ಯುತ್ ಯಂತ್ರವನ್ನು ಹೊಂಗೆ ಎಣ್ಣೆಯಿಂದಲೇ ಓಡಿಸಿ ತೋರಿಸಿದರು. ಹಾಸನದ ಬಳಿ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನ 2007ರಲ್ಲಿ ಆರಂಭವಾಯಿತು. ಹೊರನಾಡಿನ ನಮಗೆ ಇನ್ನೂ ಹತ್ತಿರದ್ದು ಹೊಟೇಲಿನ ಬಾಣಲೆ. ಬೋಂಡ, ವಡೆ ಕರಿದು ಕರಿದು ಕಪ್ಪಾದ ಎಣ್ಣೆಯಲ್ಲಿ ಪೋಲಾರ್ ಪದಾರ್ಥಗಳೆಂಬ ಕೆಟ್ಟ ಅಂಶ ನೂರಕ್ಕೆ 25 ಮೀರಿದರೆ ಅದನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಬಂದಿದೆ. ಹಾಗೆ ಬಿಟ್ಟ ಎಣ್ಣೆಯನ್ನು ಕೊಂಡು ಜೈವಿಕ ಡೀಸೆಲ್ ಮಾಡುವವರಿದ್ದಾರೆ. ಮಾಟುಂಗದಿಂದ ಹಿಡಿದು ಪುಣೆಯವರೆಗೆ ಬಾಣಲೆ ಹಿಡಿದವರಲ್ಲಿ ನಮ್ಮವರೇ ಬಹಳ ಮಂದಿ ಇರುವುದರಿಂದ ಇದನ್ನು ಒತ್ತಿ ಹೇಳಿದ್ದೇವೆ, ಯಾರೂ ಬೇಸರಪಡಬಾರದು.

ಸಿರಪ್ಪಿನ ವಿಷವನ್ನು ಹಿಡಿದ ಅದೇ ಜಾತಿಯ ಯಂತ್ರ ನೀರು, ಮಣ್ಣು, ರಕ್ತಗಳಲ್ಲಿ ಕೀಟನಾಶಕವನ್ನೂ ಹಿಡಿಯುತ್ತದೆ. ಕಾಸರಗೋಡಿನ ಪಡ್ರೆ ಗ್ರಾಮದವರು ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನಿನಿಂದ ಮಕ್ಕಳು ಅಂಗವಿಕಲರಾಗುತ್ತಿದ್ದಾರೆಂದು ಬಹುಕಾಲ ಕೂಗಿದರು. ಅವರ ರಕ್ತದಲ್ಲಿ ಅದರ ಅಂಶ ಅಳತೆಗೆ ಸಿಕ್ಕ ಮೇಲೆಯೇ ಕೂಗಿಗೆ ತೂಕ ಬಂತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಎಂಡೋಸಲ್ಫಾನಿನ ತಯಾರಿಕೆ, ಮಾರಾಟಗಳನ್ನು ನಿಲ್ಲಿಸಿತು.

ನಮ್ಮ ಸಂಘದ ಮಹಿಳಾ ವಿಭಾಗದ ಸೋದರಿಯೊಬ್ಬರು, ‘ಮನೆಯಲ್ಲೇ ಸಿರಪ್ಪನ್ನು ಪರೀಕ್ಷಿಸುವ ಉಪಾಯವುಂಟೇ?’ ಎಂದು ಕೇಳಿದ್ದಾರೆ. ಇಲ್ಲ, ತಾಯಿ. ಸೀಮೆಸುಣ್ಣದ ಕಡ್ಡಿ ಮಕ್ಕಳ ಸಂತೋಷಕ್ಕೆ. ಬಣ್ಣವಿಲ್ಲದ ಈ ವಿಷ ಅದರಲ್ಲಿ ಕಾಣದು. ಮನೆಯಲ್ಲಿ ಮಾಡಬಹುದಾದದ್ದು ಬೇರೆ. ಕೇಂದ್ರ ಸರಕಾರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರಿನಲ್ಲಿ ತಿಳಿಸಿರುವಂತೆ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ಪು ಕೊಡಲೇಬಾರದು. ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ. ಬಹುಪಾಲು ಕೆಮ್ಮು ತಾನಾಗಿ ಹೋಗುತ್ತದೆ. ಬೆಚ್ಚಗಿನ ನೀರು, ವಿಶ್ರಾಂತಿ ಸಾಕು. ವರ್ಷ ತುಂಬಿದ ಮಗುವಿಗಾದರೆ ಅಜ್ಜಿಯ ಜೇನುತುಪ್ಪವೂ ಆದೀತು, ವರ್ಷದೊಳಗಿನ ಕೂಸಿಗೆ ಜೇನು ಸಲ್ಲದು. ಡಾಕ್ಟರು ಬರೆದುಕೊಟ್ಟು ಔಷಧ ಕೊಡಲೇಬೇಕಾದರೆ ಅಂಗಡಿಯ ರಸೀತಿ ಕೇಳಿ ಪಡೆಯಿರಿ, ಸೀಸೆಯ ಮೇಲಿನ ಬ್ಯಾಚ್ ನಂಬರನ್ನು ಕ್ಯಾಲೆಂಡರಿನ ಅಂಚಿನಲ್ಲಿ ಗುರುತುಹಾಕಿಡಿ. ಕೊಟ್ಟ ಮೇಲೆ ಮಗು ವಾಂತಿ ಮಾಡಿಕೊಂಡು ಮಂಕಾದರೆ, ಮೂತ್ರ ಕಡಿಮೆಯಾದರೆ, ಬೆಳಗಾಗಲೆಂದು ಕಾಯದೆ ದೊಡ್ಡ ಆಸ್ಪತ್ರೆಗೆ ಹೊರಡಿರಿ. ಹೊರಡುವಾಗ ಸೀಸೆಯನ್ನು ತೊಳೆಯದೆ, ಎಸೆಯದೆ, ಉಳಿದ ಔಷಧದ ಸಮೇತ ಜೊತೆಯಲ್ಲಿ ಒಯ್ಯಿರಿ.