ಮುಟ್ಟಬೇಡಿ ಎನ್ನುವ ಬೋರ್ಡು

ಮಕ್ಕಳಿಗೆ ರಜೆ ಬಂತೆಂದರೆ ನಾವು ಕರೆದೊಯ್ಯುವ ಜಾಗಗಳ ಪಟ್ಟಿ ಬಲು ಚಿಕ್ಕದು. ಮೃಗಾಲಯ, ಅರಮನೆ, ನೀರಾಟದ ಪಾರ್ಕು, ಈಗೀಗ ಮಾಲು. ವಾದ್ಯಗಳ ಮ್ಯೂಸಿಯಂ ನೋಡೋಣವೆಂದರೆ, “ನಮ್ಮ ಮಗಳು ಸಂಗೀತಕ್ಕೆ ಹೋಗುತ್ತಿಲ್ಲವಲ್ಲ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಹುಲಿ ನೋಡಲು ಹೋಗುವವರೆಲ್ಲ ಹುಲಿ ಸಾಕುತ್ತಾರೆಯೇ?

ವಾದ್ಯ ನೋಡುವುದು ಸಂಗೀತ ಕಲಿಯುವುದಕ್ಕಲ್ಲ. ವಾದ್ಯವೆಂದರೆ ಮರ, ಮಣ್ಣು, ತಂತಿ, ಚರ್ಮ. ಜೊತೆಗೆ ಅವನ್ನು ಹದಮಾಡಿದ ಒಂದು ಕೈ. ಆ ಕೈ ಯಾರದು, ಅದನ್ನು ನುಡಿಸಲು ಯಾರನ್ನು ಬಿಟ್ಟರು, ಯಾರನ್ನು ಬಿಡಲಿಲ್ಲ, ಇಷ್ಟನ್ನು ಮಗು ತಿಳಿದುಕೊಂಡರೆ ಟಿಕೆಟ್ಟಿನ ದುಡ್ಡು ಸಾರ್ಥಕ.

ಆದರೆ ನಡೆಯುವುದೇನು? ಶಾಲೆಯ ಮಕ್ಕಳು ಸಾಲಾಗಿ ಬರುತ್ತಾರೆ. ಬಾಯಿಯ ಮೇಲೆ ಬೆರಳು, ಕೈಯಲ್ಲಿ ನೋಟ್‌ಬುಕ್ಕು. ಗಾಜಿನ ಪೆಟ್ಟಿಗೆಯ ಕೆಳಗಿನ ಚೀಟಿಯನ್ನು ಬರೆದುಕೊಳ್ಳುತ್ತಾರೆ: ತಂತಿವಾದ್ಯ, ಗಾಳಿವಾದ್ಯ, ಚರ್ಮವಾದ್ಯ, ಘನವಾದ್ಯ. ಪಕ್ಕದಲ್ಲೇ “ಮುಟ್ಟಬೇಡಿ” ಎಂಬ ಬೋರ್ಡು. ನಾದಕ್ಕಾಗಿ ಹುಟ್ಟಿದ ವಸ್ತುವಿನ ಎದುರು ಮಕ್ಕಳನ್ನು ಮೌನವಾಗಿ ನಿಲ್ಲಿಸಿ, ಪರೀಕ್ಷೆಯ ಒಂದು ಅಂಕಕ್ಕೆ ಉತ್ತರ ಬರೆಸಿಕೊಂಡು ಬಸ್ಸು ಹತ್ತಿಸಿದರೆ ಆಯಿತು. ಇದಕ್ಕೆ ಶೈಕ್ಷಣಿಕ ಪ್ರವಾಸ ಎಂದು ಹೆಸರು!

ಚರ್ಮವಾದ್ಯ ಎಂದು ಬರೆದುಕೊಂಡ ಮಗುವಿಗೆ, ಯಾವುದರ ಚರ್ಮ ಎಂದು ಹೇಳಿದವರುಂಟೇ? ದೇವಸ್ಥಾನದಲ್ಲಿ, ಸಭೆಯಲ್ಲಿ ನಾವು ಕೈಮುಗಿದು ಕೇಳುವ ಮೃದಂಗಕ್ಕೆ ಹಲಸಿನ ಮರದ ಜೊತೆ ಹಸು, ಆಡು, ಎಮ್ಮೆಯ ಚರ್ಮ ಬೇಕು. ಅದನ್ನು ಸುಲಿದು, ಹದಮಾಡಿ, ಪದರ ಪದರವಾಗಿ ಬಿಗಿದು, ಶ್ರುತಿಗೆ ತರುವ ಕುಶಲಿಗಳಲ್ಲಿ ಬಹುಪಾಲು ದಲಿತರು. ಟಿ.ಎಂ. ಕೃಷ್ಣ 2020ರಲ್ಲಿ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕದಲ್ಲಿ ಈ ಕುಟುಂಬಗಳ ಕತೆ ಬರೆದಾಗ, ಬಿಡುಗಡೆಗೆ ಸಭಾಂಗಣ ಕೊಡಲು ಒಪ್ಪಿದ್ದ ಚೆನ್ನೈನ ಕಲಾಕ್ಷೇತ್ರ ಕೊನೆಗಳಿಗೆಯಲ್ಲಿ ಹಿಂದೆಗೆಯಿತು. ನಾದ ಬೇಕು, ಅದರ ಹಿಂದಿನ ಕೈಯ ಸುದ್ದಿ ಬೇಡ!

ನಮ್ಮ ತಮಟೆಯನ್ನೇ ನೋಡಿ. ನುಡಿಸುವ ಮುಂಚೆ ಅದನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ತೇವ ಆರಿ ಚರ್ಮ ಬಿಗಿಯಾಗುತ್ತದೆ, ನಾದ ಮೇಲೇರುತ್ತದೆ. ವಿಜ್ಞಾನದ ಪಾಠ ಅಲ್ಲೇ ಇದೆ. ಸಮಾಜದ ಪಾಠವೂ ಇದೆ. ಊರಹಬ್ಬಕ್ಕೂ ಬೇಕು, ಹೆಣದ ಮುಂದೂ ಬೇಕು. ಬಾರಿಸುವವನು ಮಾತ್ರ ಹೊಸ್ತಿಲಾಚೆಯೇ ನಿಲ್ಲಬೇಕಿತ್ತು. 2023ರಲ್ಲಿ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷವೇ. ಆದರೆ ತಮಟೆಯ ಪಕ್ಕ “ಮುಟ್ಟಬೇಡಿ” ಎಂದು ಬರೆದಿರುವುದನ್ನು ಕಂಡಾಗಲೆಲ್ಲ ನನಗೆ ಕಸಿವಿಸಿ. ಈ ಮಾತನ್ನು ಆ ವಾದ್ಯ ಮ್ಯೂಸಿಯಂಗೆ ಬಂದ ಮೇಲೆ ಮೊದಲ ಬಾರಿ ಕೇಳುತ್ತಿಲ್ಲವಲ್ಲ!

ಇನ್ನು ಹೆಣ್ಣುಮಕ್ಕಳ ವಿಷಯ. ಮಗಳಿಗೆ ವೀಣೆ ಸರಿ, ಹಾಡು ಸರಿ; ತಾಳವಾದ್ಯವೆಂದರೆ ಹುಬ್ಬು ಗಂಟಾಗುತ್ತದೆ. ಬೆಂಗಳೂರಿನಲ್ಲಿ ನೆಲೆಸಿರುವ ಸುಕನ್ಯಾ ರಾಮಗೋಪಾಲ್ ಘಟ ಕಲಿಯಬೇಕೆಂದಾಗ ಇದು ಹೆಣ್ಣಿನ ಕೈಗೆ ಕಷ್ಟವೆಂದು ಗುರು ವಿಕ್ಕು ವಿನಾಯಕರಾಂ ಅವರೇ ಅನುಮಾನಿಸಿದ್ದರು. ಅವರ ತಂದೆ ಹರಿಹರ ಶರ್ಮರು ಕಲಿಸಲು ಮುಂದಾದರು. ಕಲಿತ ಮೇಲೂ, ಹೆಂಗಸಿನ ಪಕ್ಕ ಕೂರಲೊಪ್ಪದ ವಾದಕರನ್ನು ಆಕೆ ಎದುರಿಸಬೇಕಾಯಿತು. ತಮಾಷೆಯೆಂದರೆ, ಹೆಸರುವಾಸಿ ಘಟಗಳು ಬರುವುದು ತಮಿಳುನಾಡಿನ ಮಾನಾಮದುರೆಯಿಂದ. ಅಲ್ಲಿ ಮಣ್ಣು ತಟ್ಟಿ ಘಟಕ್ಕೆ ನಾದ ತುಂಬಿದ ಮೀನಾಕ್ಷಿ ಎಂಬಾಕೆಗೆ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯೇ ಬಂದಿದೆ. ತಟ್ಟಿ ಮಾಡಲು ಆಗುವ ಕೈಗೆ ತಟ್ಟಿ ನುಡಿಸಲು ಆಗದೇ? ಗಾಜಿನೊಳಗಿನ ಘಟ ತೋರಿಸುತ್ತ ಈ ಕತೆ ಹೇಳಿದರೆ, ನಮ್ಮ ಮಗಳು ಮನೆಗೆ ಬರುವ ದಾರಿಯಲ್ಲಿ ನೂರು ಪ್ರಶ್ನೆ ಕೇಳುತ್ತಾಳೆ.

ಮಕ್ಕಳು ಮುಟ್ಟಿದರೆ ಹಾಳಾಗುವುದಿಲ್ಲವೇ ಎನ್ನುವವರಿದ್ದಾರೆ. ಹಳೆಯದನ್ನು ಖಂಡಿತ ಕಾಪಾಡಬೇಕು. ಹಂಪಿಯ ವಿಠ್ಠಲ ದೇಗುಲದ ನಾದದ ಕಂಬಗಳನ್ನು ಬಡಿಯಬಾರದೆಂದು ತಡೆದಿರುವುದು ಸರಿಯೇ. ಆದರೆ ಅಪರೂಪದ ಹಳೆಯ ವೀಣೆಗೂ ಸಂತೆಯಲ್ಲಿ ಸಿಗುವ ಕಂಜರಕ್ಕೂ ಒಂದೇ ಕಾಯಿದೆ ಯಾಕೆ? ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಮ್ಯೂಸಿಯಂನಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿಯನ್ನು ಜೋಪಾನವಾಗಿಟ್ಟಿದ್ದಾರೆ. ಅದೇ ಆವರಣದ ನಾದದ ತೋಟದಲ್ಲಿ ಮಕ್ಕಳು ಕಲ್ಲು, ಲೋಹ ಬಡಿದು ಸ್ವರ ಹುಡುಕುತ್ತಾರೆ. ಎರಡೂ ಒಟ್ಟಿಗೆ ಸಾಧ್ಯವೆಂದಾಯಿತಲ್ಲ!

ಇಷ್ಟು ಎಳೆಯ ಮಕ್ಕಳಿಗೆ ಜಾತಿಯ ವಿಚಾರ ಬೇಕೇ ಎಂದು ಕೇಳುವವರಿಗೆ ನನ್ನದೊಂದೇ ಮಾತು. ಕೆಲಸದವಳ ಲೋಟ ಬೇರೆ ಯಾಕೆ ಇಟ್ಟಿದೆ ಎಂಬುದು ಮಗುವಿಗೆ ನಾಲ್ಕನೆಯ ವರ್ಷಕ್ಕೇ ಗೊತ್ತಿರುತ್ತದೆ. ಕೆಟ್ಟದ್ದನ್ನು ಅಡುಗೆಮನೆಯಲ್ಲಿ ಕಲಿಸಿ, ಒಳ್ಳೆಯದಕ್ಕೆ ಮಾತ್ರ ವಯಸ್ಸು ಸಾಲದು ಎನ್ನುವುದು ಯಾವ ನ್ಯಾಯ?

ದೂರದ ಊರಿಗೇ ಹೋಗಬೇಕೆಂದಿಲ್ಲ. ಬೆಂಗಳೂರು–ಮೈಸೂರು ರಸ್ತೆಯಲ್ಲಿ, ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಅಲ್ಲಿ ನಮ್ಮ ಹಳ್ಳಿಗಳ ವಾದ್ಯಗಳಿವೆ. ಹೋದಾಗ ನೋಟ್‌ಬುಕ್ಕು ಚೀಲದಲ್ಲೇ ಇರಲಿ. ಮೂರೇ ಪ್ರಶ್ನೆ ಸಾಕು: ಇದನ್ನು ಯಾವುದರಿಂದ ಮಾಡಿದ್ದಾರೆ? ಯಾರು ಮಾಡಿದರು? ಯಾರಿಗೆ ನುಡಿಸಲು ಬಿಡಲಿಲ್ಲ? ಉತ್ತರ ಚೀಟಿಯಲ್ಲಿ ಇರದಿದ್ದರೆ ಅಲ್ಲಿನ ಸಿಬ್ಬಂದಿಯನ್ನು ಮಗುವೇ ಕೇಳಲಿ. ನಾಲ್ಕು ಮಕ್ಕಳು ಕೇಳಿದರೆ ಐದನೆಯ ಮಗು ಬರುವಷ್ಟರಲ್ಲಿ ಚೀಟಿ ಬದಲಾದೀತು. ಆಗ ನಾವು ಪಕ್ಕದಲ್ಲಿ ನಿಂತು “ಶ್, ಸುಮ್ಮನಿರು” ಎನ್ನದಿದ್ದರೆ ಅಷ್ಟೇ ಸಾಕು.