ವಿದ್ಯಾಪೀಠವನ್ನೂ ನೋಡೋಣ

ಮಕ್ಕಳೇ, ನಮ್ಮ ಜತ್ತ ತಾಲೂಕಿನಿಂದ ಕೊಲ್ಹಾಪುರಕ್ಕೆ ಪ್ರವಾಸ ಹೋದವರು ಅಂಬಾಬಾಯಿಯ ಗುಡಿ, ಪನ್ಹಾಳಗಡ ನೋಡಿ ಬರುತ್ತಾರೆ. ಶಿವಾಜಿ ವಿದ್ಯಾಪೀಠವನ್ನೂ ನೋಡಬೇಕೆಂದು ನನ್ನ ಅಭಿಪ್ರಾಯ. 1962ರಲ್ಲಿ ಸ್ಥಾಪನೆಯಾದ ಈ ವಿದ್ಯಾಪೀಠಕ್ಕೆ ನಮ್ಮ ಸಾಂಗಲಿ ಜಿಲ್ಲೆಯ ಕಾಲೇಜುಗಳೂ ಸೇರಿವೆ. ಕುದುರೆಯೇರಿದ ಶಿವಾಜಿ ಮಹಾರಾಜರ ಪ್ರತಿಮೆ, ದೊಡ್ಡ ಗ್ರಂಥಾಲಯ, ಪ್ರಯೋಗಾಲಯಗಳು ಅಲ್ಲಿವೆ. ಮಳೆಯ ನೀರು ಹಿಡಿದಿಡುವ ಕೆರೆಗಳೂ ಇವೆ. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ನಾವು ಮೊದಲು ಅವನ್ನೇ ನೋಡಬೇಕು!

“ಕನ್ನಡ ಶಾಲೆಯವರಿಗೆ ಅದೆಲ್ಲ ಎಲ್ಲಿಯದು?” ಎಂದು ಕೆಲವರು ಅನ್ನುತ್ತಾರೆ. ಈ ಮಾತು ಸರಿಯಲ್ಲ. ನೀವು ಕನ್ನಡದ ಜೊತೆಗೆ ಮರಾಠಿ, ಇಂಗ್ಲಿಷುಗಳನ್ನೂ ಕಲಿಯುತ್ತಿದ್ದೀರಿ. ಮೂರು ಭಾಷೆ ಬಲ್ಲವರಿಗೆ ಅಲ್ಲಿನ ಓದು ಹೇಗೆ ಕಠಿಣವಾದೀತು? ಕನ್ನಡವನ್ನೇ ಹೆಚ್ಚು ಓದುವ ಆಸೆಯಿದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಅಧ್ಯಯನ ಪೀಠವಿದೆ. ಈ ಸಲ ಪ್ರವಾಸದ ಮಾತು ಬಂದಾಗ ನಿಮ್ಮ ಗುರುಗಳನ್ನು ಕೇಳಿ ನೋಡಿರಿ.